ಶೇಕಡಾ ತೊಂಬತ್ತು ಅಂದರೆ ಎಷ್ಟರಲ್ಲಿ?

ಜುಲೈ ಬಂತೆಂದರೆ ಗಂಗಾವತಿಯ ಚಹಾದಂಗಡಿಗಳಲ್ಲಿ ಮಾತು ಶುರುವಾಗುವುದೇ ಒಂದು ಪ್ರಶ್ನೆಯಿಂದ: ‘ಡ್ಯಾಂ ಎಷ್ಟ್ ತುಂಬೈತ್ರಿ?’ ಉತ್ತರ ಗೊತ್ತಿರದವರು ಕಡಿಮೆ. ಒಳಹರಿವು ಇಷ್ಟು ಸಾವಿರ ಕ್ಯೂಸೆಕ್, ಹೊರಹರಿವು ಇಷ್ಟು, ಮಟ್ಟ ಇಷ್ಟು ಅಡಿ, ಸಂಗ್ರಹ ಇಷ್ಟು ಟಿಎಂಸಿ, ಹೋದ ವರ್ಷ ಇದೇ ದಿನ ಇಷ್ಟಿತ್ತು. ತುಂಗಭದ್ರಾ ಜಲಾಶಯದ ಈ ಐದು ಅಂಕಿಗಳು ದಿನಾ ಮೊಬೈಲಿನಿಂದ ಮೊಬೈಲಿಗೆ ಹರಿಯುತ್ತವೆ. ಭತ್ತದ ಸಸಿ ಮಡಿ ಯಾವಾಗ ಹಾಕಬೇಕು, ಎಡದಂಡೆ ಕಾಲುವೆಗೆ ನೀರು ಯಾವಾಗ ಬಿಟ್ಟಾರು, ಎರಡನೇ ಬೆಳೆಗೆ ನೀರು ಉಳಿದೀತೇ ಎಂಬ ಲೆಕ್ಕಗಳನ್ನೆಲ್ಲ ಜನ ಈ ಐದರಿಂದಲೇ ಹಾಕುತ್ತಾರೆ.

ಬೆಂಗಳೂರಿನ ಕಂಪನಿಗಳಲ್ಲಿ ಡ್ಯಾಶ್‌ಬೋರ್ಡ್ ಎನ್ನುವುದು ಇದಕ್ಕೇ. ಸಾಫ್ಟ್‌ವೇರ್ ಒಂದನ್ನು ಜನರ ಕೈಗೆ ಕೊಡುವ ಮೊದಲು ಅದನ್ನು ಪರೀಕ್ಷಿಸುವ ತಂಡ ಎಲ್ಲಿಯವರೆಗೆ ಬಂತು, ಎಷ್ಟು ದೋಷ ಸಿಕ್ಕವು, ಎಷ್ಟು ಸರಿಹೋದವು ಎಂಬುದನ್ನು ಒಂದು ಪರದೆಯ ಮೇಲೆ ಗ್ರಾಫುಗಳಲ್ಲಿ ತೋರಿಸುತ್ತಾರೆ. ಕೊಪ್ಪಳ, ಕುಷ್ಟಗಿ, ಯಲಬುರ್ಗಾಗಳಿಂದ ಬಿಸಿಎ, ಬಿಇ ಮುಗಿಸಿ ರಾತ್ರಿ ಬಸ್ಸು ಹತ್ತುವ ಹುಡುಗ ಹುಡುಗಿಯರಲ್ಲಿ ಹಲವರಿಗೆ ಮೊದಲು ಸಿಗುವ ಕೆಲಸ ಟೆಸ್ಟಿಂಗ್. ಸೇರಿದ ಕೆಲವೇ ವಾರಗಳಲ್ಲಿ ‘ಇವತ್ತಿನ ಸ್ಟೇಟಸ್ ರಿಪೋರ್ಟ್ ನೀನೇ ಮಾಡು’ ಎಂಬ ಮಾತು ಬರುತ್ತದೆ. ಗ್ರಾಫ್ ಎಳೆಯಲು ಎಕ್ಸೆಲ್ ಸಾಕು, ಅದನ್ನು ಯಾರಾದರೂ ಒಂದು ಮಧ್ಯಾಹ್ನದಲ್ಲಿ ಕಲಿಸಿಬಿಡುತ್ತಾರೆ. ಗ್ರಾಫ್ ಏನನ್ನು ಹೇಳುತ್ತಿದೆ, ಏನನ್ನು ಹೇಳುತ್ತಿಲ್ಲ ಎಂಬುದನ್ನು ಕಲಿಸುವವರು ಸಿಗುವುದಿಲ್ಲ. ನಾನೂ ಆ ಕೆಲಸದಲ್ಲಿ ಕೆಲವು ವರ್ಷ ಇದ್ದೆ. ಗ್ರಾಫ್ ಓದುವುದನ್ನು ಕಲಿಯಲು ನನಗೆ ಅಣೆಕಟ್ಟೇ ನೆರವಾಯಿತು ಎಂದು ಈಗ ಅನ್ನಿಸುತ್ತದೆ.

ಮಾತಿಗೊಂದು ಉದಾಹರಣೆ ಬೇಕಲ್ಲ, ಪಹಣಿಯನ್ನೇ ತೆಗೆದುಕೊಳ್ಳೋಣ. ಪಹಣಿ ಕೊಡುವ, ಖಾತೆ ಬದಲಿಸುವ ಸಾಫ್ಟ್‌ವೇರ್ ಒಂದನ್ನು ನಾವು ಪರೀಕ್ಷಿಸಬೇಕಿದೆ ಎಂದುಕೊಳ್ಳಿ. ‘ಇಂಥದ್ದನ್ನು ಕೊಟ್ಟರೆ ಇಂಥದ್ದು ಬರಬೇಕು’ ಎಂಬ ಒಂದೊಂದು ಪ್ರಶ್ನೆಯೂ ಒಂದೊಂದು ಟೆಸ್ಟ್ ಕೇಸ್. 2 ಎಕರೆ 39 ಗುಂಟೆ 15 ಆಣೆ ಹೊಲಕ್ಕೆ ಇನ್ನೊಂದು ಆಣೆ ಸೇರಿಸಿದರೆ 3 ಎಕರೆ ಸೊನ್ನೆ ಗುಂಟೆ ಬರಬೇಕು. ಹದಿನಾರು ಆಣೆಗೊಂದು ಗುಂಟೆ, ನಲವತ್ತು ಗುಂಟೆಗೊಂದು ಎಕರೆ. ‘2 ಎಕರೆ 40 ಗುಂಟೆ’ ಎಂದು ಬಂದರೆ ತಪ್ಪು. ಹಾಗೆಯೇ 5 ಎಕರೆಯನ್ನು ಮೂವರು ಅಣ್ಣತಮ್ಮಂದಿರಿಗೆ ಹಂಚಿದರೆ ಒಬ್ಬೊಬ್ಬರಿಗೆ 1 ಎಕರೆ 26 ಗುಂಟೆ 10 ಆಣೆ ಬಂದು 2 ಆಣೆ ಉಳಿಯುತ್ತದೆ. ಆ 2 ಆಣೆಯನ್ನು ಸಾಫ್ಟ್‌ವೇರ್ ಯಾರ ಹೆಸರಿಗೆ ಹಾಕುತ್ತದೆ? ಹೆಸರಿನ ವಿಷಯಕ್ಕೆ ಬಂದರೆ, ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ‘ಸೂರ್ಯ’ ಮತ್ತು ಈಗ ಯೂನಿಕೋಡಿನಲ್ಲಿ ಹುಡುಕುವ ‘ಸೂರ್ಯ’ ಕಣ್ಣಿಗೆ ಒಂದೇ ಆದರೂ ಯಂತ್ರಕ್ಕೆ ಬೇರೆಬೇರೆಯಾಗಿರಬಹುದು. ಇಂಥವನ್ನು ಪಟ್ಟಿ ಮಾಡುತ್ತ ಹೋದರೆ ಇನ್ನೂರು ಟೆಸ್ಟ್ ಕೇಸ್ ಆಗುವುದು ಕಷ್ಟವಲ್ಲ.

ಇನ್ನೂರನ್ನು ಹತ್ತು ದಿನಕ್ಕೆ ಹಂಚಿ, ದಿನಕ್ಕೆ ಇಪ್ಪತ್ತು ಎಂದು ಯೋಜನೆ ಹಾಕುವವರು ಬಹಳ. ಹಾಗೆ ಹಾಕಿದ ಗ್ರಾಫ್ ರೂಲರ್ ಇಟ್ಟು ಎಳೆದಂತೆ ನೇರವಾಗಿ ಏರುತ್ತದೆ. ಕೆಲಸ ಹಾಗೆ ಏರುವುದಿಲ್ಲ. ಕಾಲುವೆ ಕೆಳಗಿನ ಭತ್ತದ ನಾಟಿಯನ್ನು ನೋಡಿದವರಿಗೆ ಇದು ತಿಳಿದದ್ದೇ. ನೀರು ಬಿಟ್ಟ ಮೊದಲ ದಿನಗಳಲ್ಲಿ ಸಸಿ ಇನ್ನೂ ಎಳೆಯದು, ಗದ್ದೆ ಕೆಸರಾಗಬೇಕು, ಆಳು ಕೂಡಬೇಕು. ನಾಟಿ ಬಹಳ ನಿಧಾನ. ಆಮೇಲೆ ಎಲ್ಲರೂ ಒಮ್ಮೆಗೇ ಇಳಿಯುತ್ತಾರೆ, ಒಂದೆರಡು ವಾರದಲ್ಲಿ ಕಣ್ಣಿಗೆ ಕಾಣುವಷ್ಟೂ ಹಸಿರು. ಕೊನೆಗೆ ಕಾಲುವೆಯ ತುದಿಯ ಊರುಗಳು ಉಳಿಯುತ್ತವೆ. ನೀರು ಅಲ್ಲಿಗೆ ತಲುಪಬೇಕು, ತಲುಪಿದರೂ ಸಾಲಬೇಕು. ಮತ್ತೆ ನಿಧಾನ. ಇದನ್ನು ಗ್ರಾಫಿನಲ್ಲಿ ಎಳೆದರೆ ಮಲಗಿ, ಎದ್ದು, ಮತ್ತೆ ಮಲಗುವ ಒಂದು ಬಳುಕು ಗೆರೆ ಬರುತ್ತದೆ. ಟೆಸ್ಟಿಂಗ್‌ನವರು ಇದನ್ನು ಎಸ್ ಗೆರೆ ಎನ್ನುತ್ತಾರೆ. ಮೊದಲ ದಿನಗಳಲ್ಲಿ ಪರೀಕ್ಷೆಗೆ ಕೊಟ್ಟ ಬಿಲ್ಡ್ ಸ್ಥಿರವಾಗಿ ನಿಲ್ಲುವುದಿಲ್ಲ, ಲಾಗಿನ್ ಆಗುವುದಿಲ್ಲ, ಪರೀಕ್ಷೆಗೆ ಬೇಕಾದ ಮಾಹಿತಿ ತುಂಬಿರುವುದಿಲ್ಲ. ನಡುವೆ ಓಟ. ಕೊನೆಯ ಹತ್ತು ಶೇಕಡಾ ಮಾತ್ರ ಅಲುಗಾಡದೆ ಕೂತುಬಿಡುತ್ತದೆ, ಏಕೆಂದರೆ ಅಲ್ಲಿ ಉಳಿದಿರುವುದು ಕಷ್ಟದವು. ಮೂರನೇ ದಿನ ಗೆರೆ ಕೆಳಗಿದೆ ಎಂದು ತಂಡವನ್ನು ಗದರಿಸುವವರೂ, ಏಳನೇ ದಿನ ಮೇಲಿದೆ ಎಂದು ಹಾಯಾಗುವವರೂ ಈ ಬಳುಕನ್ನು ಅರಿತಿರುವುದಿಲ್ಲ.

ಇನ್ನು ದೋಷಗಳ ಲೆಕ್ಕ. ಇಲ್ಲಿ ಅಣೆಕಟ್ಟಿನ ಹೋಲಿಕೆ ಎಷ್ಟು ಸರಿಯಾಗಿ ಕೂರುತ್ತದೆಂದರೆ ಬೇರೆ ವಿವರಣೆಯೇ ಬೇಡ. ಹೊಸದಾಗಿ ಸಿಕ್ಕ ದೋಷ, ಅಂದರೆ ಬಗ್, ಒಳಹರಿವು. ಸರಿಪಡಿಸಿ, ಮತ್ತೆ ಪರೀಕ್ಷಿಸಿ ಮುಚ್ಚಿದ ಬಗ್ ಹೊರಹರಿವು. ಇನ್ನೂ ತೆರೆದಿರುವವು ಸಂಗ್ರಹ. ಈ ವಾರ ಮೂವತ್ತು ಬಂದು ಇಪ್ಪತ್ತು ಹೋದರೆ ಸಂಗ್ರಹ ಹತ್ತು ಏರಿತು. ಒಟ್ಟು ಸಿಕ್ಕವುಗಳ ಗೆರೆಯೊಂದು, ಒಟ್ಟು ಮುಚ್ಚಿದವುಗಳ ಗೆರೆಯೊಂದು ಎಳೆದರೆ ಎರಡರ ನಡುವಿನ ಅಂತರವೇ ಬಾಕಿ. ಅಂತರ ಕಿರಿದಾಗುತ್ತ ಬಂದು ಮೇಲಿನ ಗೆರೆ ಚಪ್ಪಟೆಯಾದರೆ ಕೆಲಸ ದಡ ಮುಟ್ಟುತ್ತಿದೆ ಎಂದು ಓದುವುದು ರೂಢಿ.

ಆದರೆ ಒಳಹರಿವು ಇಳಿಯಲು ಕಾರಣ ಒಂದೇ ಅಲ್ಲ. ಮಲೆನಾಡಿನಲ್ಲಿ ಮಳೆ ನಿಂತರೂ ಅಣೆಕಟ್ಟು ಇರುವ ಮುನಿರಾಬಾದಿನಲ್ಲಿ ಒಳಹರಿವು ಇಳಿಯುತ್ತದೆ. ಮಳೆ ಸುರಿಯುತ್ತಲೇ ಇದ್ದು, ಮೇಲೆ ಭದ್ರಾ ಜಲಾಶಯ ತನ್ನ ಒಡಲು ತುಂಬಿಕೊಳ್ಳಲು ನೀರು ತಡೆದರೂ ಇಳಿಯುತ್ತದೆ. ಇಲ್ಲಿನ ಅಂಕಿ ಎರಡೂ ಸಲ ಒಂದೇ, ಮುಂದೆ ಆಗುವುದು ಮಾತ್ರ ಬೇರೆ. ಟೆಸ್ಟಿಂಗ್‌ನಲ್ಲಿ ಹೊಸ ಬಗ್ ಬರುವುದು ನಿಂತರೆ ದೋಷ ಮುಗಿದಿರಬಹುದು, ಅಥವಾ ಇಬ್ಬರು ಟೆಸ್ಟರುಗಳು ದೀಪಾವಳಿಗೆ ಊರಿಗೆ ಹೋಗಿರಬಹುದು, ಅಥವಾ ಪಾಸಾದ ಸುಲಭದ ಕೇಸುಗಳನ್ನೇ ಮತ್ತೆ ಮತ್ತೆ ಓಡಿಸುತ್ತಿರಬಹುದು. ಆದ್ದರಿಂದ ಬಗ್ ಗೆರೆಯ ಕೆಳಗೆ ಇನ್ನೊಂದು ಗೆರೆ ಇರಲೇಬೇಕು: ಆ ವಾರ ಎಷ್ಟು ಗಂಟೆ ಪರೀಕ್ಷೆ ನಡೆಯಿತು. ಈ ಎರಡನೇ ಗೆರೆ ಇಲ್ಲದ ಗ್ರಾಫನ್ನು ನಾನು ನಂಬುವುದಿಲ್ಲ.

ಈಗ ತಲೆಬರಹದ ವಿಷಯ. ತುಂಗಭದ್ರಾ ಜಲಾಶಯ ಕಟ್ಟಿದಾಗ ಅದರ ಸಾಮರ್ಥ್ಯ ಸುಮಾರು 133 ಟಿಎಂಸಿ. ದಶಕಗಳ ಹೂಳು ತುಂಬಿ ಈಗ ಲೆಕ್ಕಕ್ಕೆ ಹಿಡಿಯುವುದು 105.788 ಟಿಎಂಸಿ. 95 ಟಿಎಂಸಿ ನೀರು ನಿಂತರೆ ಇಂದಿನ ಲೆಕ್ಕದಲ್ಲಿ ಜಲಾಶಯ ಶೇ. 90 ತುಂಬಿದೆ. ಹಳೆಯ ಲೆಕ್ಕದಲ್ಲಿ ಶೇ. 71. ನೀರು ಒಂದು ಹನಿಯೂ ಹೆಚ್ಚಿಲ್ಲ. ಹೂಳು ಬಂದು ಕೂತದ್ದರಿಂದ ಶೇಕಡಾ ಚೆಲುವಾಯಿತು. ರೈತನಿಗೆ ಇದು ಅರ್ಥವಾಗುತ್ತದೆ, ಅದಕ್ಕೇ ಅವನು ‘ಎಷ್ಟು ಪರ್ಸೆಂಟ್’ ಎಂದು ಕೇಳುವುದಿಲ್ಲ, ‘ಎಷ್ಟು ಟಿಎಂಸಿ’ ಎಂದು ಕೇಳುತ್ತಾನೆ.

ನಮ್ಮ ಪಹಣಿ ಪರೀಕ್ಷೆಗೆ ಬನ್ನಿ. ಇನ್ನೂರರಲ್ಲಿ 135 ಮುಗಿದಿವೆ, ಅಂದರೆ ಶೇ. 67.5. ದಿನ ಹತ್ತಿರ ಬಂತು. ‘ಹಿಸ್ಸಾ (ಪಾಲು) ಲೆಕ್ಕದ ಐವತ್ತು ಕೇಸುಗಳನ್ನು ಮುಂದಿನ ರಿಲೀಸಿಗೆ ಹಾಕೋಣ’ ಎಂದು ತೀರ್ಮಾನವಾಗುತ್ತದೆ. ಮರುದಿನ ಬೆಳಗ್ಗೆ ಡ್ಯಾಶ್‌ಬೋರ್ಡಿನಲ್ಲಿ 150ಕ್ಕೆ 135, ಶೇ. 90! ರಾತ್ರಿ ಯಾರೂ ಒಂದು ಕೇಸನ್ನೂ ಓಡಿಸಿಲ್ಲ. ಇದು ಹೂಳು. ಇದರ ಇನ್ನೊಂದು ಮುಖವೂ ಇದೆ: ಪ್ರಾಮಾಣಿಕ ಟೆಸ್ಟರ್ ಒಬ್ಬಳು ಪರೀಕ್ಷಿಸುತ್ತ ಹೋದಂತೆ ಯಾರಿಗೂ ಹೊಳೆಯದ ನೂರು ಹೊಸ ಪ್ರಶ್ನೆಗಳನ್ನು ಬರೆದರೆ ಒಟ್ಟು ಮುನ್ನೂರಾಗಿ ಅವಳ ಪ್ರಗತಿ ಶೇ. 45ಕ್ಕೆ ಕುಸಿದಂತೆ ಕಾಣುತ್ತದೆ. ಹೆಚ್ಚು ಕೆಲಸ ಮಾಡಿದವಳಿಗೆ ಕಡಿಮೆ ಅಂಕ. ಇದಕ್ಕೆ ಮದ್ದು ಸರಳ. ಶೇಕಡಾ ಬೇಡ. ಒಟ್ಟು ಕೇಸುಗಳದ್ದೇ ಒಂದು ಗೆರೆ, ಮುಗಿದವುಗಳದ್ದು ಒಂದು ಗೆರೆ ಎಳೆಯಿರಿ. ಒಟ್ಟಿನ ಗೆರೆ ಏರಿದರೆ, ಇಳಿದರೆ ಎಲ್ಲರ ಕಣ್ಣಿಗೆ ಬೀಳುತ್ತದೆ, ಯಾಕೆ ಎಂದು ಯಾರಾದರೂ ಕೇಳುತ್ತಾರೆ.

ಕೊಪ್ಪಳ ಜಿಲ್ಲೆಯ ಅಂಕಿಗಳನ್ನು ವರ್ಷದಿಂದ ವರ್ಷಕ್ಕೆ ಹೋಲಿಸುವವರಿಗೂ ಇದೇ ತೊಡಕು ಗೊತ್ತಿರುತ್ತದೆ. 1997ರಲ್ಲಿ ರಾಯಚೂರಿನಿಂದ ಬೇರೆಯಾದಾಗ ಜಿಲ್ಲೆಗೆ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ನಾಲ್ಕು ತಾಲ್ಲೂಕು. ಆಮೇಲೆ ಗಂಗಾವತಿಯಿಂದ ಕಾರಟಗಿ, ಕನಕಗಿರಿ, ಯಲಬುರ್ಗಾದಿಂದ ಕುಕನೂರು ಬೇರೆಯಾಗಿ ಈಗ ಏಳು. ಹಳೆಯ ಪಟ್ಟಿಯ ಗಂಗಾವತಿಯನ್ನು ಹೊಸ ಪಟ್ಟಿಯ ಗಂಗಾವತಿಯ ಪಕ್ಕ ಇಟ್ಟರೆ ಭತ್ತ ಬೆಳೆಯುವ ನೆಲವೇ ಮಾಯವಾದಂತೆ ತೋರುತ್ತದೆ. ಒಂದು ಮಾಡ್ಯೂಲನ್ನು ಎರಡಾಗಿ ಒಡೆದ ಮೇಲೆ ಹಳೆಯ ಗ್ರಾಫನ್ನೇ ಮುಂದುವರಿಸುವ ತಂಡಗಳು ಇಂಥ ಮಾಯೆಗೆ ಸಿಕ್ಕಿಬೀಳುತ್ತವೆ.

ಸರಾಸರಿಯದು ಇನ್ನೂ ದೊಡ್ಡ ಅಪಾಯ. ಕಾಲುವೆ ಕೆಳಗಿನ ಗಂಗಾವತಿ, ಕಾರಟಗಿಗಳಲ್ಲಿ ಗದ್ದೆ ತುಂಬಿ ನಿಂತಿರುವಾಗಲೇ ಕುಷ್ಟಗಿ, ಯಲಬುರ್ಗಾದ ಎರೆ ಮತ್ತು ಮಸಾರಿ ಹೊಲಗಳಲ್ಲಿ ಸಜ್ಜೆ, ಹೆಸರು ಬಿತ್ತಿದವರು ಮೋಡ ನೋಡುತ್ತ ನಿಂತಿರಬಹುದು. ಎರಡನ್ನೂ ಕೂಡಿಸಿ ಜಿಲ್ಲೆಯ ಬಿತ್ತನೆ ಪ್ರಗತಿ ಇಷ್ಟು ಶೇಕಡಾ ಎಂದು ಹೇಳಿದರೆ ಆ ಅಂಕಿ ಎರಡೂ ಕಡೆಯವರಿಗೆ ಸಂಬಂಧಿಸಿದ್ದಲ್ಲ. ಅದಕ್ಕೇ ಸರ್ಕಾರಿ ಕೆಲಸಗಳ ಪ್ರಗತಿ ಪರಿಶೀಲಿಸುವ ಕೆಡಿಪಿ ಸಭೆಗಳಲ್ಲಿ ತಾಲ್ಲೂಕುವಾರು ಅಂಕಿ ಕೇಳುವುದು, ಆರ್ಥಿಕ ಪ್ರಗತಿ ಬೇರೆ, ಭೌತಿಕ ಪ್ರಗತಿ ಬೇರೆ ಎಂದು ಎರಡು ಕಾಲಂ ಇಡುವುದು. ಹಣ ಖರ್ಚಾದದ್ದು ಒಂದು, ರಸ್ತೆ ಆದದ್ದು ಇನ್ನೊಂದು. ಟೆಸ್ಟಿಂಗ್ ಡ್ಯಾಶ್‌ಬೋರ್ಡುಗಳಲ್ಲಿ ಈ ಎರಡನೇ ಕಾಲಂ ಬಹಳ ಸಲ ಇರುವುದಿಲ್ಲ. ಇನ್ನೂರು ಕೇಸು ಓಡಿಸಿದೆವು ಎಂಬುದು ಖರ್ಚಿನ ಲೆಕ್ಕ. ಪಹಣಿ ಸರಿಯಾಗಿ ಬರುತ್ತದೆಯೇ ಎಂಬುದು ರಸ್ತೆಯ ಲೆಕ್ಕ. ಹೆಸರು ಮುದ್ರಣದ ನೂರು ಕೇಸು ಪಾಸಾಗಿ, ಆ 2 ಆಣೆಯ ಕೇಸೊಂದು ಫೇಲಾದರೆ ಪೈ ಚಾರ್ಟಿನಲ್ಲಿ ಕೆಂಪು ಒಂದು ಕೂದಲೆಳೆಯಷ್ಟು ಕಾಣುತ್ತದೆ. ಆ ಕೂದಲೆಳೆಯಿಂದ ಒಂದು ಮನೆಯ ಅಣ್ಣತಮ್ಮಂದಿರು ಇಪ್ಪತ್ತು ವರ್ಷ ಕೋರ್ಟಿಗೆ ಅಲೆಯಬಹುದು.

ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ 1975ರಲ್ಲಿ ಹಣಕಾಸು ನೀತಿಯ ಬಗ್ಗೆ ಬರೆಯುತ್ತ ಗುರುತಿಸಿದ ಒಂದು ಸಂಗತಿ ಇಲ್ಲಿಗೂ ಸಲ್ಲುತ್ತದೆ: ಅಳತೆಯನ್ನೇ ಗುರಿಯಾಗಿ ಮಾಡಿದರೆ ಅದು ಅಳೆಯುವ ಗುಣ ಕಳೆದುಕೊಳ್ಳುತ್ತದೆ. ಹೆಚ್ಚು ಬಗ್ ಹಿಡಿದವರಿಗೆ ಬಹುಮಾನ ಎಂದರೆ ಒಂದೇ ದೋಷ ಐದಾಗಿ ದಾಖಲಾಗುತ್ತದೆ. ಬಗ್ ಕಡಿಮೆ ಇರಬೇಕು ಎಂದರೆ ದೋಷಗಳು ದಾಖಲೆಗೆ ಬರದೆ ಫೋನಿನಲ್ಲೇ ಮುಗಿಯುತ್ತವೆ. ಎರಡೂ ಕಡೆ ಜನ ಕೆಟ್ಟವರಲ್ಲ, ಸಂಬಳದ ಮೇಲೆ ಬದುಕುವವರು.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರೆಸ್ಟ್ ಗೇಟಿನ ಚೈನ್ ತುಂಡಾಗಿ ಗೇಟು ಕೊಚ್ಚಿಹೋಯಿತು. ಆ ದಿನ ಚಹಾದಂಗಡಿಯ ಐದು ಅಂಕಿಗಳೂ ಖುಷಿ ಕೊಡುವಂಥವೇ ಆಗಿದ್ದವು. ಜಲಾಶಯ ತುಂಬಿತ್ತು, ಮಟ್ಟ 1633 ಅಡಿಯ ಹತ್ತಿರ ಇತ್ತು. ರಾತ್ರೋರಾತ್ರಿ ಉಳಿದ ಗೇಟುಗಳನ್ನೆಲ್ಲ ಎತ್ತಿ ಒತ್ತಡ ಇಳಿಸಬೇಕಾಯಿತು, ಕೂಡಿಟ್ಟ ನೀರನ್ನು ನದಿಗೆ ಬಿಡಬೇಕಾಯಿತು. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ತುಂಡುಗಳನ್ನು ಒಂದೊಂದಾಗಿ ಇಳಿಸಿ ವಾರದೊಳಗೆ ಆ ಬಾಯಿ ಮುಚ್ಚಿದರು. ಮರುವರ್ಷ ಜಲಾಶಯದಲ್ಲಿ 80 ಟಿಎಂಸಿಯಷ್ಟೇ ನಿಲ್ಲಿಸುವ ತೀರ್ಮಾನವಾಯಿತು. ಗೇಟು ಹೋದ ಆ ವಾರ ನಮ್ಮ ಕಡೆಯ ಮನೆಗಳಲ್ಲಿ ಯಾರೂ ಸರಿಯಾಗಿ ನಿದ್ದೆ ಮಾಡಲಿಲ್ಲ.

ಒಳಹರಿವು, ಹೊರಹರಿವು, ಮಟ್ಟ, ಸಂಗ್ರಹ, ಹೋದ ವರ್ಷದ ಹೋಲಿಕೆ. ಇವುಗಳಲ್ಲಿ ಯಾವುದೂ ಸುಳ್ಳಲ್ಲ. ಯಾವುದೂ ಚೈನಿನ ಬಗ್ಗೆ ಅಲ್ಲ. 33 ಗೇಟುಗಳ ಚೈನು ಹೇಗಿದೆ ಎಂಬ ಕಾಲಂ ನಾವು ಓದುವ ಪಟ್ಟಿಯಲ್ಲಿ ಇರಲೇ ಇಲ್ಲ, ನಾವು ಕೇಳಲೂ ಇಲ್ಲ.

ನನ್ನ ಕೆಲಸದ ವರ್ಷಗಳಲ್ಲೂ ಒಂದು ಇಂಥ ಸಂಜೆ ಬಂದಿತ್ತು. ರಿಲೀಸಿನ ಹಿಂದಿನ ದಿನದ ಸಭೆ, ಗೋಡೆಯ ಮೇಲೆ ನಾನೇ ಮಾಡಿದ ಡ್ಯಾಶ್‌ಬೋರ್ಡ್, ಎಲ್ಲ ಸಾಲುಗಳೂ ಹಸಿರು. ಹಣ ಪಾವತಿಯ ಭಾಗವನ್ನು ನಿಜವಾದ ಬ್ಯಾಂಕ್ ಜೋಡಣೆಯ ಜೊತೆ ನಾವು ಪರೀಕ್ಷಿಸಿರಲಿಲ್ಲ. ಆ ಜೋಡಣೆ ಸಮಯಕ್ಕೆ ಸಿಕ್ಕಿರಲಿಲ್ಲ. ಅದು ನನಗೆ ಗೊತ್ತಿತ್ತು. ಆದರೆ ಅದು ಪಾಸ್ ಅಲ್ಲ, ಫೇಲ್ ಅಲ್ಲ, ಕೇಸೇ ಬರೆಯದ್ದರಿಂದ ಬಾಕಿಯೂ ಅಲ್ಲ. ಹಾಕಲು ಕಾಲಂ ಇರಲಿಲ್ಲ. ಯಾರೂ ಕೇಳಲಿಲ್ಲ, ನಾನು ಹೇಳಲಿಲ್ಲ. ಮರುದಿನ ಜನರ ಖಾತೆಯಿಂದ ಹಣ ಕಡಿತವಾಗಿ ರಸೀದಿ ಬರದೆ ಹೋಯಿತು. ಹಣ ವಾಪಸಾಗುವವರೆಗೆ ಬಂದ ಫೋನುಗಳಿಗೆ ಉತ್ತರ ಕೊಟ್ಟವರ ದನಿ ಈಗಲೂ ಕಿವಿಯಲ್ಲಿದೆ.

ಇಂಥದ್ದು ದೊಡ್ಡವರಿಗೂ ಆಗುತ್ತದೆ. ಅಮೆರಿಕ ಸರ್ಕಾರದ ಆರೋಗ್ಯ ವಿಮೆಯ ಜಾಲತಾಣ ಹೆಲ್ತ್‌ಕೇರ್ ಡಾಟ್ ಗವ್ 2013ರ ಅಕ್ಟೋಬರ್ 1ರಂದು ತೆರೆದಾಗ ಮೊದಲ ದಿನ ನೋಂದಣಿ ಪೂರ್ಣಗೊಳಿಸಲು ಸಾಧ್ಯವಾದವರು ಆರೇ ಜನ. ಬಿಡಿ ಭಾಗಗಳ ಪರೀಕ್ಷೆ ನಡೆದಿತ್ತು, ಮೊದಲಿನಿಂದ ಕೊನೆಯವರೆಗೆ ಒಟ್ಟಾಗಿ ಪರೀಕ್ಷಿಸಿದ್ದು ಕೊನೆಯ ಎರಡು ವಾರಗಳಲ್ಲಿ ಮಾತ್ರ ಎಂದು ಗುತ್ತಿಗೆದಾರರೇ ಸಂಸತ್ತಿನ ಸಮಿತಿಯ ಮುಂದೆ ಹೇಳಿದರು. ಅದನ್ನು ಎತ್ತಿ ನಿಲ್ಲಿಸಲು ಬಂದ ಎಂಜಿನಿಯರುಗಳು ಮೊದಲು ಮಾಡಿದ ಕೆಲಸಗಳಲ್ಲಿ ಒಂದು, ತಾಣ ಆ ಕ್ಷಣ ಹೇಗಿದೆ ಎಂದು ಎಲ್ಲರಿಗೂ ಕಾಣುವ ಒಂದು ಡ್ಯಾಶ್‌ಬೋರ್ಡ್ ಕೂರಿಸಿದ್ದು. ಹಾಗಾಗಿ ಡ್ಯಾಶ್‌ಬೋರ್ಡ್ ಬೇಡ ಎಂದು ನಾನು ಹೇಳುತ್ತಿಲ್ಲ. ಅದಿಲ್ಲದೆ ಕತ್ತಲೆ.

ನಮ್ಮ ರಾಜ್ಯದಲ್ಲೇ ಒಳ್ಳೆಯ ದಾರಿ ತೋರಿದ ಕೆಲಸವೂ ಇದೆ. ಕೈಬರಹದ ಪಹಣಿಯನ್ನು ಕಂಪ್ಯೂಟರಿಗೆ ತಂದ ‘ಭೂಮಿ’ಯನ್ನು ಒಂದೇ ದಿನ ಎಲ್ಲ ಕಡೆ ತೆರೆಯಲಿಲ್ಲ. ಮೊದಲು ಮಂಡ್ಯ ಜಿಲ್ಲೆಯ ಮದ್ದೂರು, ಆಮೇಲೆ ಜಿಲ್ಲೆಗೊಂದರಂತೆ ತಾಲ್ಲೂಕು, ಆಮೇಲೆ ಆಗ ಇದ್ದ 177 ತಾಲ್ಲೂಕುಗಳಿಗೂ. ತುಂಬಿದ ಮಾಹಿತಿಯನ್ನು ಮುದ್ರಿಸಿ ಗ್ರಾಮ ಲೆಕ್ಕಿಗರು ಮೂಲ ಪುಸ್ತಕದ ಜೊತೆ ತಾಳೆ ನೋಡಿದರು. ಆದರೂ ತಪ್ಪು ಉಳಿದವು, ತಿದ್ದುಪಡಿಗೆ ನಾಡಕಚೇರಿಗೆ ಅಲೆದವರು ನಮ್ಮ ಮನೆಗಳಲ್ಲೇ ಇದ್ದಾರೆ. ಪರೀಕ್ಷೆ ದೋಷ ಇದೆ ಎಂದು ತೋರಿಸಬಲ್ಲದು, ಇಲ್ಲವೆಂದು ಸಾಧಿಸಲಾರದು ಎಂದು ಡಚ್ ವಿಜ್ಞಾನಿ ಎಡ್ಸ್‌ಗರ್ ಡೈಕ್‌ಸ್ಟ್ರಾ 1969ರಷ್ಟು ಹಿಂದೆಯೇ ಹೇಳಿದ್ದರು. ಶೇ. 100 ಹಸಿರಾದ ಪರದೆಯ ಮುಂದೆ ಕೂತಾಗಲೂ ಈ ಮಾತು ನೆನಪಿರಬೇಕು.

ಪರೀಕ್ಷೆ ಎಲ್ಲಿಯವರೆಗೆ ಬಂತು ಎಂದು ತೋರಿಸಲು ನಾನು ಕೊನೆಗೆ ನೆಚ್ಚಿಕೊಂಡದ್ದು ಒಂದು ಹಳೆಯ, ಅಗ್ಗದ ವಿಧಾನ. ಜೇಮ್ಸ್ ಬಾಖ್ ಎಂಬ ಅಮೆರಿಕದ ಟೆಸ್ಟರ್ 1999ರಲ್ಲಿ ವಿವರಿಸಿದ್ದು. ಕಂಪ್ಯೂಟರ್ ಬೇಡ, ಜನ ಓಡಾಡುವ ಕಡೆ ಒಂದು ಬಿಳಿ ಹಲಗೆ ಸಾಕು. ಸಾಫ್ಟ್‌ವೇರಿನ ಒಂದೊಂದು ಭಾಗಕ್ಕೆ ಒಂದೊಂದು ಸಾಲು. ಪ್ರತಿ ಸಾಲಿಗೆ ನಾಲ್ಕು ಮಾತು: ಈಗ ಅದರ ಮೇಲೆ ಎಷ್ಟು ಶ್ರಮ ನಡೆದಿದೆ, ಎಷ್ಟು ಆಳಕ್ಕೆ ನೋಡಿದ್ದೇವೆ, ನಮಗೆ ಅದು ಹೇಗೆ ಕಾಣುತ್ತಿದೆ, ಮತ್ತು ಒಂದು ಟಿಪ್ಪಣಿ. ಆಳಕ್ಕೆ ಸೊನ್ನೆಯಿಂದ ಮೂರರವರೆಗೆ ಅಂಕ. ಸೊನ್ನೆ ಅಂದರೆ ಏನೂ ಗೊತ್ತಿಲ್ಲ. ಒಂದು ಅಂದರೆ ಮೇಲೆಮೇಲೆ ತಟ್ಟಿ ನೋಡಿದ್ದೇವೆ. ಎರಡು ಅಂದರೆ ದಿನಬಳಕೆಯದ್ದನ್ನೆಲ್ಲ ನೋಡಿದ್ದೇವೆ. ಮೂರು ಅಂದರೆ ಮೂಲೆ ಮುಡುಕನ್ನೂ ಬಿಟ್ಟಿಲ್ಲ. ಶೇಕಡಾ ಎಲ್ಲೂ ಇಲ್ಲ. ಕಾಲಂ ಇಲ್ಲವೆಂದು ಮುಚ್ಚಿಡಲು ಇಲ್ಲಿ ಆಗುವುದಿಲ್ಲ. ನೋಡದೆ ಬಿಟ್ಟದ್ದಕ್ಕೇ ಒಂದು ಅಂಕ ಇದೆ, ಅದು ಸೊನ್ನೆ. ಬರೆದವರು ತಮ್ಮ ತೀರ್ಪಿಗೆ ತಾವೇ ಹೊಣೆ, ಹಾದುಹೋಗುವ ಯಾರು ಬೇಕಾದರೂ ನಿಂತು ಪ್ರಶ್ನೆ ಕೇಳಬಹುದು.

ಕೊಪ್ಪಳದ ಕಾಲೇಜಿನಲ್ಲಿ ಕೊನೆಯ ವರ್ಷದ ಪ್ರಾಜೆಕ್ಟ್ ಮಾಡುತ್ತಿರುವವರು ನಾಳೆಯೇ ಇದನ್ನು ತರಗತಿಯ ಗೋಡೆಯ ಮೇಲೆ ಬರೆದು ನೋಡಬಹುದು. ನಮ್ಮ ಪಹಣಿ ಸಾಫ್ಟ್‌ವೇರಿಗೆ ಬರೆದರೆ ಮೊದಲ ವಾರ ಹಲಗೆ ಹೀಗಿರುತ್ತದೆ. ಪಹಣಿ ಮುದ್ರಣ: ಆಳ ಎರಡು, ಚೆನ್ನಾಗಿದೆ. ಹೆಸರು ಹುಡುಕಾಟ: ಆಳ ಒಂದು, ಅರ್ಕಾವತ್ತು ಇರುವ ಹೆಸರುಗಳಲ್ಲಿ ಅನುಮಾನ. ಶುಲ್ಕ ಪಾವತಿ: ಆಳ ಸೊನ್ನೆ, ಬ್ಯಾಂಕ್ ಜೋಡಣೆ ಬಂದಿಲ್ಲ. ಹಿಸ್ಸಾ ಲೆಕ್ಕ: ಆಳ ಒಂದು, ಉಳಿದ 2 ಆಣೆ ಯಾರಿಗೆ ಎಂದು ಸರ್ವೆಯವರನ್ನು ಕೇಳಬೇಕು.